ದಂಡಿನ ಕೈಪಿಡಿಗಳೂ ತಿಳಿಯದ ಮಾತುಗಳೂ

ನಾನು ವಾಸವಾಗಿರುವ ಆಲಸನತ್ತಂ ಹೊಸೂರು ಪೇಟೆಗೆ ಅಂಟಿಕೊಂಡಂತಿರುವ ಊರು. ಊರ ಹೆಸರಿನ ಕೊನೆಯಲ್ಲಿರುವ ‘ನತ್ತಂ’ ಎಂಬುದು ತಮಿಳು ಸೀಮೆಯ ಕಂದಾಯ ಲೆಕ್ಕದ ಮಾತು. ಜನರು ಮನೆ ಕಟ್ಟಿಕೊಂಡು ವಾಸಿಸಲೆಂದು ಬಿಟ್ಟ ನೆಲಕ್ಕೆ ಈ ಹೆಸರು. ನಮ್ಮ ಕನ್ನಡ ಸೀಮೆಯಲ್ಲಿ ಇದನ್ನೇ ಗ್ರಾಮಠಾಣವೆನ್ನುತ್ತಾರೆ. ಕಚೇರಿಯ ಗುಮಾಸ್ತನಿಗೂ ಕುರಿ ಕಾಯುವ ಹುಡುಗನಿಗೂ ಈ ಮಾತು ಒಂದೇ ಸಮನಾಗಿ ತಿಳಿಯುತ್ತದೆ. ಕಡತದ ಮಾತುಗಳೆಲ್ಲಕ್ಕೂ ಇಂಥ ಭಾಗ್ಯ ದೊರೆಯುವುದಿಲ್ಲವೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಬೀದಿಯಲ್ಲಿ ಮದರಾಸು ಸ್ಯಾಪರ್ಸ್ ಪಡೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾನು ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ ಅವರನ್ನು, ‘ದಂಡಿನಲ್ಲಿ ನಿಮಗೆ ಪಾಠದ ಪುಸ್ತಕಗಳಿದ್ದುವೇ?’ ಎಂದು ಕೇಳಿದ್ದುಂಟು. ಅವರು ನಕ್ಕು, ‘ಇದ್ವು ಮೇಷ್ಟ್ರೇ, ಬುಕ್ಕಿನಾಗೆ ಬರ್ದಿದ್ದು ಸಾಹೇಬ್ರಿಗೆ. ನಮಗೆ ಉಸ್ತಾದ್ ಕೈ ಹಿಡಿದು ತೋರ್ಸಿದ್ದೇ ವಿದ್ಯೆ’ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಯುದ್ಧದ ಕೈಪಿಡಿ ಯಾರಿಗಾಗಿ ಬರೆದದ್ದು? ಅದನ್ನು ಅನುಸರಿಸಿ ಪ್ರಾಣವನ್ನೊಡ್ಡಬೇಕಾದವನಿಗೆ ಅದು ತಿಳಿಯದಿದ್ದರೆ ಏನಾಗುತ್ತದೆ? ನಮ್ಮ ಬಾರಾಮಹಲು ಮತ್ತು ಹೊಸೂರು ಸೀಮೆ ಎರಡು ದೊಡ್ಡ ಸೇನೆಗಳು ಮತ್ತೆ ಮತ್ತೆ ತುಳಿದ ನೆಲ. ಆದ್ದರಿಂದ ಈ ಪ್ರಶ್ನೆಯನ್ನು ಇಲ್ಲಿನ ಚರಿತ್ರೆಯಿಂದಲೇ ಬಿಡಿಸಿ ನೋಡುವುದು ಉಚಿತವೆಂದು ತೋರಿ, ನನಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

೧. ಕಲ್ಲಿನ ಮೇಲಿನ ಮಾತು, ಒನಕೆಯ ಮೇಲಿನ ಮಾತು

ಕೃಷ್ಣಗಿರಿ, ಧರ್ಮಪುರಿ, ಹೊಸೂರು ಸೀಮೆಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ಅವು ನಿಂತಿವೆ. ಕೆಲವು ತಮಿಳಿನಲ್ಲಿವೆ, ಕೆಲವು ಕನ್ನಡದಲ್ಲಿವೆ. ಅವುಗಳ ಬರಹವನ್ನು ಓದಿ ನೋಡಿರಿ. ಯಾವ ಅರಸನ ಆಳ್ವಿಕೆ, ಯಾವ ಊರಿನ ತುರುಗಳನ್ನು ಹಿಡಿದರು, ಯಾರು ಅಡ್ಡ ನಿಂತು ಕಾದಿ ಸತ್ತರು, ಅವನ ಮನೆಯವರಿಗೆ ಏನು ಬಿಟ್ಟುಕೊಟ್ಟರು: ಇಷ್ಟನ್ನು ನಾಲ್ಕಾರು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಕಲ್ಲು ಕಡೆಯುವುದು ಕಷ್ಟದ ಕೆಲಸವಾದ್ದರಿಂದ ವ್ಯರ್ಥವಾದ ಮಾತಿಗೆ ಅಲ್ಲಿ ಎಡೆಯಿಲ್ಲ. ಕಾಗದ ಅಗ್ಗವಾದ ಮೇಲೆ ಮಾತು ಉದ್ದವಾಯಿತೆಂದು ಹೇಳಿದರೆ ಅದು ಕೇವಲ ಹಾಸ್ಯವಾಗಲಾರದು.

ಈ ಸೀಮೆಯನ್ನು ಆಳಿದ ಗಂಗರ ವಂಶದಲ್ಲಿ ಇನ್ನೊಂದು ನಿದರ್ಶನವಿದೆ. ಎಂಟನೆಯ ಶತಮಾನದ ಕೊನೆ ಮತ್ತು ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿದ್ದ ಇಮ್ಮಡಿ ಶಿವಮಾರನು ‘ಗಜಾಷ್ಟಕ’ ಎಂಬ ಕೃತಿಯನ್ನು ರಚಿಸಿದನೆಂದೂ, ಅದನ್ನು ಜನರು ಓವನಿಗೆಯಾಗಿಯೂ ಒನಕೆವಾಡಾಗಿಯೂ ಹಾಡಿಕೊಳ್ಳುತ್ತಿದ್ದರೆಂದೂ ಶಾಸನವೊಂದು ತಿಳಿಸುತ್ತದೆ. ಕೃತಿಯು ನಮಗೆ ದೊರೆತಿಲ್ಲ. ಆದರೆ ವಿಷಯವನ್ನು ಗಮನಿಸಬೇಕು. ಆ ಕಾಲದ ಸೇನೆಯಲ್ಲಿ ಆನೆಯೆಂದರೆ ದೊಡ್ಡ ಬಲ. ಆನೆಯನ್ನು ಕುರಿತ ವಿದ್ಯೆ ಅರಸರ, ಮಾವುತರ, ದಂಡನಾಯಕರ ವಿದ್ಯೆ. ಅಂಥ ವಿಷಯವನ್ನು ಕುರಿತ ಕೃತಿಯೊಂದು ಬತ್ತ ಕುಟ್ಟುವ ಹೆಂಗಸರ ಬಾಯಲ್ಲಿ ಹಾಡಾಗಿ ನಿಂತಿತೆಂದರೆ, ಅದರ ಭಾಷೆಯು ಎಷ್ಟು ತಿಳಿಯಾಗಿದ್ದಿರಬೇಕು! ಶಾಸ್ತ್ರದ ವಿಷಯವಾದರೆ ಮಾತು ಕಠಿಣವಾಗಲೇಬೇಕೆಂಬ ವಾದಕ್ಕೆ ಕನ್ನಡ ನಾಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ.

೨. ಬಂಡೆಯ ಮೇಲಿನ ಒಂದು ಕೂಗು

ಇನ್ನು ಕೋವಿ ಫಿರಂಗಿಗಳ ಕಾಲಕ್ಕೆ ಬರೋಣ. ಮೊದಲನೆಯ ಮೈಸೂರು ಯುದ್ಧದಲ್ಲಿ (೧೭೬೭-೧೭೬೯) ಹೈದರಾಲಿಗೂ ಕುಂಪಣಿಯವರಿಗೂ ಕಾವೇರಿಪಟ್ಟಣ, ಕೃಷ್ಣಗಿರಿ, ಹೊಸೂರು, ಬಾಗಲೂರುಗಳ ಸುತ್ತ ಹಣಾಹಣಿ ನಡೆಯಿತು. ಇದೇ ಯುದ್ಧದಲ್ಲಿ ೧೭೬೮ರ ಅಕ್ಟೋಬರ್ ೪ರಂದು ಕೋಲಾರದ ಮುಳಬಾಗಿಲ ಬಳಿ ನಡೆದ ಪ್ರಸಂಗವನ್ನು ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಕರ್ನಲ್ ವುಡ್ಡನ ಸಣ್ಣ ಪಡೆಯು ಹೈದರನ ಮುಖ್ಯ ಸೇನೆಯ ಎದುರು ಅನಿರೀಕ್ಷಿತವಾಗಿ ಸಿಕ್ಕಿಕೊಂಡು, ಬಂಡೆಗಳ ನಡುವೆ ಸೋಲುವ ಸ್ಥಿತಿಗೆ ಬಂದಿತ್ತು. ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಎಂಬುವನು ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಯಿಸಿ, ಗುಂಡು ಹಾರಿಸಿ, ಎಲ್ಲರಿಂದಲೂ ಒಂದೇ ಹೆಸರನ್ನು ಕೂಗಿಸಿದನು: ‘ಸ್ಮಿತ್! ಸ್ಮಿತ್!’ ಕರ್ನಲ್ ಸ್ಮಿತ್ತನ ದೊಡ್ಡ ಸೇನೆ ಬಂದಿತೆಂದು ಸ್ವಪಕ್ಷದವರೂ ನಂಬಿದರು, ಶತ್ರುಪಕ್ಷದವರೂ ನಂಬಿದರು. ಕುಸಿಯುತ್ತಿದ್ದವರು ಎದ್ದು ನಿಂತರು, ಮುನ್ನುಗ್ಗುತ್ತಿದ್ದವರು ಹಿಂಜರಿದರು.

ಆ ದಿನ ಅಲ್ಲಿದ್ದವರಲ್ಲಿ ಕನ್ನಡ, ತಮಿಳು, ತೆಲುಗು, ದಖನಿ, ಇಂಗ್ಲಿಷು ಎಲ್ಲ ಆಡುವವರೂ ಇದ್ದಿರಬೇಕು. ಎಲ್ಲರಿಗೂ ಅರ್ಥವಾದ ಮಾತು ಒಂದೇ, ಅದೂ ಒಂದು ಹೆಸರು. ಯುದ್ಧಭೂಮಿಯಲ್ಲಿ ಮಾತಿನ ಬೆಲೆ ಅದರ ಉದ್ದದಲ್ಲಿಲ್ಲ, ಕೇಳಿದವನ ಮನಸ್ಸಿನಲ್ಲಿ ಅದು ಮೂಡಿಸುವ ಚಿತ್ರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩. ಟಿಪ್ಪುವಿನ ಕೈಪಿಡಿ

೧೭೮೩ರ ಸುಮಾರಿಗೆ ಟಿಪ್ಪು ಸುಲ್ತಾನನ ಅಪ್ಪಣೆಯಂತೆ, ಅವನದೇ ಮೇಲ್ವಿಚಾರಣೆಯಲ್ಲಿ, ಜೈನುಲ್ ಆಬಿದೀನ್ ಶುಸ್ತರಿ ಎಂಬುವನು ‘ಫತ್ಹುಲ್ ಮುಜಾಹಿದೀನ್’ ಎಂಬ ಸೇನಾ ಕೈಪಿಡಿಯನ್ನು ಪಾರಸೀ ಭಾಷೆಯಲ್ಲಿ ರಚಿಸಿದನು. ಎಂಟು ಅಧ್ಯಾಯಗಳ ಗ್ರಂಥವಿದು. ಪ್ರತಿಗಳನ್ನು ಮಾಡಿಸಿ ಸೇನೆಯ ಅಧಿಕಾರಿಗಳಿಗೆ ಹಂಚಲಾಯಿತು. ಪ್ರತಿಯೊಂದು ‘ಕುಶೂನ್’ಗೂ ಇನ್ನೂರು ಮಂದಿ ಬಾಣಗಾರರು, ಅಂದರೆ ರಾಕೆಟ್ಟು ಹಾರಿಸುವವರು, ಇರತಕ್ಕದ್ದೆಂದು ವಿಧಿಸಿದ್ದು ಈ ಗ್ರಂಥದಲ್ಲಿಯೇ. ಒಂದು ಸಂಸ್ಥಾನದ ಸೇನೆಯೆಲ್ಲವೂ ಒಂದೇ ಲಿಖಿತ ಕ್ರಮದಂತೆ ನಡೆಯಬೇಕು ಎಂಬ ಆಲೋಚನೆ ಆ ಕಾಲದ ಭಾರತದಲ್ಲಿ ಸಾಮಾನ್ಯವಾದದ್ದಲ್ಲ. ಈ ದೃಷ್ಟಿಯಿಂದ ಟಿಪ್ಪುವಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಲೇಬೇಕು.

ಆದರೆ ಭಾಷೆಯ ವಿಚಾರ ಬೇರೆ. ಹೈದರನ ಕಾಲದಲ್ಲಿ ಐರೋಪ್ಯರು ಬಂದು ಕವಾಯತು ಕಲಿಸಿದಾಗ ಅವರ ಭಾಷೆಯ ಮಾತುಗಳೇ ಆಜ್ಞೆಗಳಾಗಿದ್ದುವು. ಟಿಪ್ಪು ಅವುಗಳನ್ನು ತೆಗೆದುಹಾಕಿ ಪಾರಸೀ ಮತ್ತು ತುರ್ಕಿ ಮೂಲದ ಮಾತುಗಳನ್ನು ಇಟ್ಟನು. ಕಾಲಾಳು ಪಡೆ ‘ಜೈಷ್’ ಆಯಿತು, ಕುದುರೆಯ ಪಡೆ ‘ಅಸ್ಕರ್’ ಆಯಿತು. ಕುಶೂನಿನ ಮೇಲೆ ಸಿಪಹದಾರ, ರಿಸಾಲೆಯ ಮೇಲೆ ರಿಸಾಲದಾರ, ಜೌಕಿನ ಮೇಲೆ ಜೌಕದಾರ. ಪರಕೀಯರ ಮಾತು ನಮ್ಮ ಸೇನೆಗೆ ಬೇಡವೆಂಬ ಅಭಿಮಾನವು ಮೆಚ್ಚತಕ್ಕದ್ದೇ. ಆದರೆ ಫ್ರೆಂಚು ಎಷ್ಟು ದೂರವೋ ಗ್ರಂಥದ ಪಾರಸಿಯೂ ಹಳ್ಳಿಯಿಂದ ಬಂದ ಬಂಟನಿಗೆ ಬಹುಮಟ್ಟಿಗೆ ಅಷ್ಟೇ ದೂರ. ದಖನಿ ಮಾತಾಡುವವನಿಗೆ ಕೆಲವು ಶಬ್ದಗಳು ಕಿವಿಗೆ ಬಿದ್ದಿದ್ದಾವು. ಕನ್ನಡ, ತೆಲುಗು ಮಾತಾಡುವ ಕಂದಾಚಾರದ ಆಳಿಗೆ? ಪರಭಾಷೆಯ ಒಂದು ಪರದೆಯನ್ನು ತೆಗೆದು ಇನ್ನೊಂದನ್ನು ಇಳಿಬಿಟ್ಟಂತಾಯಿತು.

ಹೊಸ ಹೆಸರುಗಳ ಮೋಹ ಇಲ್ಲಿಗೇ ನಿಲ್ಲಲಿಲ್ಲ. ೧೭೮೪ರಲ್ಲಿ ಟಿಪ್ಪು ತಿಂಗಳುಗಳಿಗೆ ಹೊಸ ಹೆಸರುಗಳನ್ನಿಟ್ಟನು. ೧೭೮೭ರಲ್ಲಿ ಆ ಹೆಸರುಗಳನ್ನು ಮತ್ತೆ ಬದಲಾಯಿಸಿ, ‘ಮೌಲೂದಿ’ ಎಂಬ ಹೊಸ ಶಕವನ್ನು ಜಾರಿಗೆ ತಂದನು. ಮೂರು ವರ್ಷಗಳ ಹಿಂದೆ ಕಲಿತ ಹೆಸರನ್ನು ಮರೆತು ಇನ್ನೊಂದನ್ನು ಕಲಿಯಬೇಕು! ಕೋಟೆಯ ಕಿಲ್ಲೇದಾರನಿಗೆ ಬಂದ ಅಪ್ಪಣೆಯಲ್ಲಿ ‘ಇಂಥ ತಿಂಗಳ ಇಂಥ ದಿನದೊಳಗೆ’ ಎಂದಿದ್ದರೆ ಆ ದಿನ ಯಾವುದೆಂದು ಲೆಕ್ಕ ಹಾಕುವುದೇ ಒಂದು ಕೆಲಸ. ೧೮೧೧ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ಕನು ಈ ತಿಂಗಳುಗಳ ಲೆಕ್ಕವನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಯಿತು. ಇಷ್ಟೆಲ್ಲ ಹೊಸ ಹೆಸರುಗಳಿಂದ ಸುಲ್ತಾನನ ಸೇನೆಯು ಸೋತಿತೆಂದು ನಾನು ಹೇಳುವುದಿಲ್ಲ. ಸೋಲು ಗೆಲುವುಗಳಿಗೆ ಬೇರೆ ದೊಡ್ಡ ಕಾರಣಗಳಿದ್ದುವು. ೧೭೯೧ರ ನವೆಂಬರ್ ೭ರಂದು ಮ್ಯಾಕ್ಸ್‌ವೆಲ್ಲನ ಪಡೆಯು ಕೃಷ್ಣಗಿರಿಯ ಕೋಟೆಗೆ ಲಗ್ಗೆ ಹತ್ತಿದಾಗ ಮೇಲಿದ್ದ ಮೈಸೂರಿನ ಆಳುಗಳು ಅದನ್ನು ಹಿಮ್ಮೆಟ್ಟಿಸಿದರು. ಅವರ ಶೌರ್ಯಕ್ಕೆ ಯಾವ ನಿಘಂಟೂ ಬೇಕಾಗಿರಲಿಲ್ಲ. ಹೊಸ ಹೆಸರನ್ನು ಕೊಟ್ಟೊಡನೆ ವಸ್ತುವು ಹೊಸದಾಯಿತೆಂದು ಭ್ರಮಿಸುವುದು ಆಳುವವರಿಗೆಲ್ಲ ಸಹಜವಾದ ದೌರ್ಬಲ್ಯವೆಂದಷ್ಟೇ ನನ್ನ ಹೇಳಿಕೆ.

೪. ಅದೇ ಕಾಲದ ಹೊರನಾಡು

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ದೋಷವೆಂದು ಯಾರೂ ಭಾವಿಸಬಾರದು. ಟಿಪ್ಪುವಿನ ಕೈಪಿಡಿಗೆ ಐದು ವರ್ಷಗಳ ತರುವಾಯ, ೧೭೮೮ರಲ್ಲಿ, ಡೇವಿಡ್ ಡಂಡಾಸ್ ಎಂಬ ಆಂಗ್ಲ ಸೇನಾನಿಯು ಸೇನೆಯ ಚಲನೆಯ ತತ್ತ್ವಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ೧೭೯೨ರಲ್ಲಿ ಅದರ ಆಧಾರದ ಮೇಲೆಯೇ ಬ್ರಿಟಿಷ್ ಸೇನೆಯ ಅಧಿಕೃತ ನಿಯಮಗಳು ಹೊರಬಿದ್ದುವು. ಅದರಲ್ಲಿ ಹದಿನೆಂಟು ಬಗೆಯ ವಿನ್ಯಾಸಗಳು. ಒಂದು ತುದಿಯನ್ನು ನಿಲ್ಲಿಸಿ ಉಳಿದ ಸಾಲನ್ನು ಸುತ್ತಿಸುವ ಲೆಕ್ಕಾಚಾರ ಒಂದೊಂದರಲ್ಲಿಯೂ ವಿಪರೀತ. ಅಧಿಕಾರಿಗಳು ಬೇಸತ್ತು ಗ್ರಂಥಕರ್ತನಿಗೆ ‘ಓಲ್ಡ್ ಪಿವಟ್’, ಅಂದರೆ ತಿರುಗಣೆಯ ಮುದುಕ ಎಂದು ಅಡ್ಡಹೆಸರಿಟ್ಟರು. ಕುಂಪಣಿಯ ಸಿಪಾಯಿಯಾದರೋ ಈ ಇಂಗ್ಲಿಷು ಆಜ್ಞೆಗಳನ್ನು ಕೇವಲ ಕಿವಿಯಿಂದ ಕಲಿಯಬೇಕಾಗಿದ್ದಿತು. ಕಾವಲಿನವನು ಕತ್ತಲಲ್ಲಿ ಬಂದವನನ್ನು ‘ಯಾರದು ಬರುವುದು?’ ಎಂದು ಇಂಗ್ಲಿಷಿನಲ್ಲಿ ಕೇಳಬೇಕಾದ ‘ಹೂ ಕಮ್ಸ್ ದೇರ್’ ಎಂಬುದು ಸಿಪಾಯಿಗಳ ಬಾಯಲ್ಲಿ ‘ಹುಕುಂದಾರ್’ ಆಯಿತು. ಬೆಟಾಲಿಯನ್ನು ಪಟಾಲಮ್ಮಾಯಿತು, ಆರ್ಡರ್ಲಿ ಅರ್ದಲಿಯಾದನು. ಕೈಪಿಡಿ ಮಾಡದ ಅನುವಾದವನ್ನು ಆಳುಗಳ ನಾಲಗೆಯೇ ಮಾಡಿಕೊಂಡಿತು.

ಇದಕ್ಕೆ ಎದುರಾದ ನಿದರ್ಶನವೂ ಅದೇ ಕಾಲದಲ್ಲಿದೆ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ವಾಷಿಂಗ್ಟನ್ನನ ಸೇನೆಗೆ ಕವಾಯತು ಕಲಿಸಲು ೧೭೭೮ರಲ್ಲಿ ಬಂದ ಸ್ಟ್ಯೂಬೆನ್ ಎಂಬ ಪ್ರಷ್ಯದ ಅಧಿಕಾರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಅವನು ಫ್ರೆಂಚಿನಲ್ಲಿ ಬರೆದುದನ್ನು ಸಹಾಯಕರು ಇಂಗ್ಲಿಷಿಗೆ ತಿರುಗಿಸಿದರು. ಅವನು ಮೊದಲು ಒಂದು ಸಣ್ಣ ಮಾದರಿ ತುಕಡಿಗೆ ಸ್ವತಃ ಕಲಿಸಿ, ಕಲಿತವರಿಂದ ಇತರರಿಗೆ ಕಲಿಸಿದನು. ಪ್ರಷ್ಯದ ತೊಡಕಿನ ಕ್ರಮಗಳನ್ನು ಕಡಿಮೆಮಾಡಿ, ಬೇಕಾದಷ್ಟನ್ನೇ ಉಳಿಸಿ, ೧೭೭೯ರಲ್ಲಿ ಕೈಪಿಡಿಯನ್ನು ಸಿದ್ಧಪಡಿಸಿದನು. ಅದರ ಕೊನೆಯಲ್ಲಿ ದಂಡನಾಯಕನಿಂದ ಸಾಮಾನ್ಯ ಸೈನಿಕನವರೆಗೆ ಒಬ್ಬೊಬ್ಬನ ಕರ್ತವ್ಯವನ್ನೂ ಬೇರೆ ಬೇರೆಯಾಗಿ ಹೇಳಿದೆ. ಪರಭಾಷೆಯವನು ಬರೆದರೂ, ಅನುವಾದವಾದರೂ, ಕಲಿಯುವವನನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಬರಹ ತಿಳಿಯಾಗುತ್ತದೆಂಬುದನ್ನು ಇಲ್ಲಿ ನೋಡಬಹುದು. ನಮ್ಮ ಶಿಕ್ಷಣಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಸ್ಟ್ಯೂಬೆನ್ನನು ಪಾಠವನ್ನು ಮೊದಲು ಕೊಟ್ಟನು, ಪಠ್ಯಪುಸ್ತಕವನ್ನು ಆಮೇಲೆ ಬರೆದನು.

೫. ವೆಲ್ಲೂರಿನ ಹತ್ತನೆಯ ಪರಿಚ್ಛೇದ

ಈಗ ನಮ್ಮ ನೆರೆಯಲ್ಲಿಯೇ ನಡೆದ, ಅತ್ಯಂತ ದಾರುಣವಾದ ಪ್ರಸಂಗಕ್ಕೆ ಬರುತ್ತೇನೆ. ೧೭೯೯ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೇನೆಯು ರಾಯಕೋಟೆ, ಕೆಲಮಂಗಲಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಸಾಗಿತು. ಮೇ ೪ರಂದು ಟಿಪ್ಪು ಮಡಿದನು. ಅವನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿ ಇರಿಸಲಾಯಿತು. ಆ ಕೋಟೆಯಲ್ಲಿಯೇ ಮದರಾಸು ಸೇನೆಯ ಸಿಪಾಯಿಗಳ ಪಟಾಲಮ್ಮುಗಳಿದ್ದುವು.

ಮದರಾಸು ಸೇನೆಯ ದಂಡನಾಯಕನಾಗಿದ್ದ ಸರ್ ಜಾನ್ ಕ್ರ್ಯಾಡಕ್ಕನು ಸೇನೆಯ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಸಂಹಿತೆಯನ್ನು ಮಾಡಿಸಿದನು. ಅದರ ಹನ್ನೊಂದನೆಯ ವಿಭಾಗದ ಹತ್ತನೆಯ ಪರಿಚ್ಛೇದದಲ್ಲಿ, ಸಮವಸ್ತ್ರದಲ್ಲಿರುವ ಸಿಪಾಯಿಯು ಹಣೆಯ ಮೇಲೆ ಜಾತಿಮತಗಳ ಗುರುತನ್ನು ಧರಿಸಕೂಡದು, ಕಿವಿಯ ಒಂಟಿಯನ್ನು ಹಾಕಕೂಡದು, ಗಡ್ಡವನ್ನು ಬೋಳಿಸಬೇಕು, ಮೀಸೆಯನ್ನು ಒಂದೇ ಮಾದರಿಯಲ್ಲಿ ಕತ್ತರಿಸಿಕೊಳ್ಳಬೇಕು ಎಂಬ ವಿಧಿ ಸೇರಿಕೊಂಡಿತು. ಇದರ ಜೊತೆಗೆ ತೊಗಲಿನ ತುರಾಯಿಯುಳ್ಳ ಹೊಸ ರುಮಾಲೂ ಬಂದಿತು. ೧೮೦೬ರ ಜುಲೈ ೧೦ರ ಬೆಳಗಿನ ಜಾವ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದರು. ನೂರಕ್ಕೂ ಹೆಚ್ಚು ಮಂದಿ ಬಿಳಿಯ ಸೈನಿಕರು ಹತರಾದರು. ಆರ್ಕಾಟಿನಿಂದ ಗಿಲ್ಲೆಸ್ಪಿಯು ಕುದುರೆ ಸವಾರರೊಡನೆ ಧಾವಿಸಿ ಬಂದ ಮೇಲೆ ನೂರಾರು ಸಿಪಾಯಿಗಳು ಕೋಟೆಯೊಳಗೇ ಸತ್ತರು. ಆಜ್ಞೆಗಳನ್ನು ಹಿಂತೆಗೆದುಕೊಳ್ಳಲಾಯಿತು. ೧೮೦೭ರಲ್ಲಿ ಗವರ್ನರ್ ಬೆಂಟಿಂಕ್ಕನನ್ನೂ ಕ್ರ್ಯಾಡಕ್ಕನನ್ನೂ ವಿಲಾಯಿತಿಗೆ ಹಿಂದಕ್ಕೆ ಕರೆಸಿಕೊಂಡರು.

ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಗವರ್ನರು ಈ ವಿಧಿಯನ್ನು ಒಪ್ಪಿದ್ದು ಹೇಗೆ? ಸಂಹಿತೆಯು ಬಹುಪಾಲು ಹಳೆಯ ನಿಯಮಗಳ ಸಂಗ್ರಹವೆಂದು ಭಾವಿಸಿ ಅನುಮೋದನೆ ಕೊಟ್ಟದ್ದಾಯಿತೆಂದೂ, ಈ ಹೊಸ ಪರಿಚ್ಛೇದವು ಗಮನಕ್ಕೇ ಬರಲಿಲ್ಲವೆಂದೂ ಮುಂದೆ ಬೆಂಟಿಂಕ್ಕನ ಕಡೆಯಿಂದ ಸಮಾಧಾನ ಬಂದಿತು. ಆ ಸಮಾಧಾನವನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದು ಬೇರೆಯ ಚರ್ಚೆ. ದಂಗೆಗೆ ರುಮಾಲು, ನಾಮಗಳಲ್ಲದೆ ಬೇರೆ ಅಸಮಾಧಾನಗಳೂ ಇದ್ದುವು. ಆದರೂ ಬರವಣಿಗೆಯ ದೋಷ ಕಣ್ಣಿಗೆ ಕಟ್ಟುವಂತಿದೆ. ಆ ಪರಿಚ್ಛೇದದ ಮಾತುಗಳು ಕಠಿಣವಾಗಿರಲಿಲ್ಲ. ಹಣೆ, ಕಿವಿ, ಗಡ್ಡ ಎಂಬುವು ಯಾರಿಗೆ ತಿಳಿಯವು? ದೋಷವಿದ್ದುದು ಜೋಡಣೆಯಲ್ಲಿ. ಹಳೆಯದು ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸದೆ, ಮನುಷ್ಯನ ಹಣೆಯನ್ನು ಮುಟ್ಟುವ ವಿಧಿಯನ್ನು ಗುಂಡಿ ಪಟ್ಟಿಗಳ ವಿಧಿಗಳ ನಡುವೆ ತುರುಕಿದರೆ, ಓದುವ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಬೆಂಕಿಯ ಕಿಡಿಯು ಹುಲ್ಲಿನ ಹೊರೆಯೊಳಗಿತ್ತು. ಹೊರೆಯನ್ನು ಹೊತ್ತವನು ನೋಡಲಿಲ್ಲ.

ಇನ್ನೊಂದು ಬಗೆಯ ಅಸ್ಪಷ್ಟತೆಯೂ ಉಂಟು. ೧೮೫೪ರ ಅಕ್ಟೋಬರ್ ೨೫ರಂದು ಕ್ರಿಮಿಯದ ಬಾಲಕ್ಲಾವದಲ್ಲಿ ಲಾರ್ಡ್ ರ‍್ಯಾಗ್ಲನ್ನನು ಗುಡ್ಡದ ಮೇಲೆ ನಿಂತು, ಶತ್ರುಗಳು ಫಿರಂಗಿಗಳನ್ನು ಒಯ್ಯದಂತೆ ಮುಂದೆ ಹೋಗಿ ತಡೆಯತಕ್ಕದ್ದೆಂದು ಕುದುರೆಯ ಪಡೆಗೆ ಚೀಟಿ ಕಳುಹಿಸಿದನು. ಮೇಲಿದ್ದವನಿಗೆ ಕಂಡ ಫಿರಂಗಿಗಳು ಬೇರೆ. ಕಣಿವೆಯಲ್ಲಿದ್ದವರಿಗೆ ಕಂಡದ್ದು ಕಣಿವೆಯ ಕೊನೆಯಲ್ಲಿದ್ದ ರಷ್ಯನರ ಫಿರಂಗಿಗಳ ಸಾಲು ಮಾತ್ರ. ಸುಮಾರು ೬೭೦ ಸವಾರರು ಅದರ ಬಾಯಿಗೆ ನುಗ್ಗಿದರು. ೧೧೦ ಮಂದಿಯಷ್ಟು ಸತ್ತರು. ಚೀಟಿಯಲ್ಲಿ ಒಂದು ಕಠಿಣ ಪದವೂ ಇರಲಿಲ್ಲ. ‘ಯಾವ ಫಿರಂಗಿಗಳು?’ ಎಂಬುದೊಂದು ಇರಲಿಲ್ಲ, ಅಷ್ಟೇ.

ಹೀಗೆ ನೋಡಿದರೆ ಕೈಪಿಡಿ ಅಪ್ಪಣೆಗಳು ತಿಳಿಯದೆ ಹೋಗುವುದಕ್ಕೆ ಮೂರು ಕಾರಣಗಳು ದೊರೆತುವು. ಅಪ್ಪಣೆಯ ಮಾತು ಆಳಿನ ಮಾತಲ್ಲದಿರುವುದು ಒಂದು; ಶ್ರೀರಂಗಪಟ್ಟಣದ ಪಾರಸೀ ಗ್ರಂಥ ಇದಕ್ಕೆ ಸಾಕ್ಷಿ. ಮುಖ್ಯವಾದುದನ್ನು ಅಮುಖ್ಯವಾದುದರೊಳಗೆ ಹೂತಿಡುವುದು ಎರಡು. ಇದಕ್ಕೆ ವೆಲ್ಲೂರು ಸಾಕ್ಷಿ. ಬರೆಯುವವನು ತನಗೆ ಕಂಡದ್ದೆಲ್ಲ ಓದುವವನಿಗೂ ಕಾಣುತ್ತದೆಂದು ಭಾವಿಸುವುದು ಮೂರು, ಇದಕ್ಕೆ ಬಾಲಕ್ಲಾವ.

೬. ಬಯಲಿನಿಂದ ಬಡಿಗೆಯ ಶಾಲೆಗೆ

ಬಾರಾಮಹಲು ೧೭೯೨ರ ಒಪ್ಪಂದದಿಂದ ಕುಂಪಣಿಯ ಕೈಸೇರಿದಾಗ ಅದರ ಆಡಳಿತಕ್ಕೆ ಬಂದವರು ಸೇನೆಯವರೇ. ಕ್ಯಾಪ್ಟನ್ ರೀಡನ ಕೈಕೆಳಗಿನ ಸಹಾಯಕರಲ್ಲಿ ಥಾಮಸ್ ಮನ್ರೋ ಒಬ್ಬನು. ೧೭೯೨ರಿಂದ ೧೭೯೯ರವರೆಗೆ ಅವನು ಈ ಸೀಮೆಯ ಹಳ್ಳಿಗಳಲ್ಲಿ ತಿರುಗಿ, ರೈತರೊಡನೆ ಮಾತಾಡಿ, ಜಮೀನಿನ ವಿಷಯಗಳನ್ನು ಕಲಿತನು. ಅವನೇ ಮುಂದೆ ಮದರಾಸಿನ ಗವರ್ನರಾಗಿ ೧೮೨೨ರಲ್ಲಿ, ಪ್ರಾಂತದಲ್ಲಿರುವ ದೇಶೀಯ ಶಾಲೆಗಳ ವಿವರವನ್ನು ಕಳುಹಿಸುವಂತೆ ಕ‍ಲೆಕ್ಟರರಿಗೆ ಬರೆಸಿದನು. ೧೮೨೩ರಲ್ಲಿ ಬಳ್ಳಾರಿಯ ಕ‍ಲೆಕ್ಟರ್ ಕ್ಯಾಂಬೆಲ್ಲನು ಕಳುಹಿಸಿದ ವರದಿಯು ಶಿಕ್ಷಕರೆಲ್ಲ ಓದತಕ್ಕದ್ದಾಗಿದೆ. ಆ ಜಿಲ್ಲೆಯಲ್ಲಿ ೫೩೩ ಶಾಲೆಗಳು; ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಹುಡುಗರು ಪದ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ಗ್ರಂಥಭಾಷೆಯು ಮನೆಮಾತಿಗಿಂತ ಬೇರೆಯಾದ್ದರಿಂದ ಅದರ ಅರ್ಥವು ಗಿಣಿಗೆ ತಿಳಿದಷ್ಟೇ ಅವರಿಗೂ ತಿಳಿಯುತ್ತದೆ ಎಂಬುದು ಅವನ ಆಕ್ಷೇಪಣೆಯಾಗಿತ್ತು. ಪರಕೀಯನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಯಸೇನನೇ ಕನ್ನಡಕ್ಕೆ ಸಲ್ಲದ ಸಂಸ್ಕೃತವನ್ನು ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಹಾಸ್ಯಮಾಡಿದ್ದಾನೆ.

ಸ್ವಾತಂತ್ರ್ಯ ಬಂದ ಮೇಲೂ ಈ ಸಮಸ್ಯೆ ಬಯಲಿನಿಂದ ಶಾಲೆಗೆ ನಡೆದು ಬಂದಿತು. ೧೯೪೮ರ ಶಾಸನದಿಂದ ಎನ್.ಸಿ.ಸಿ. ಹುಟ್ಟಿತು. ಅದರ ಕವಾಯತಿನ ಆಜ್ಞೆಗಳು ‘ಸಾವಧಾನ್’, ‘ವಿಶ್ರಾಮ್’, ‘ದಾಹಿನೇ ಮುಡ್’ ಎಂದು ಹಿಂದಿಯಲ್ಲಿ ಬಂದುವು. ಭಾಷೆಯ ಚಳವಳಿ ಕಾವೇರಿದ ದಿನಗಳಲ್ಲಿ, ೧೯೬೮ರ ಜನವರಿ ೨೩ರಂದು, ಅಣ್ಣಾದುರೈಯವರ ಸರ್ಕಾರದ ಕಾಲದಲ್ಲಿ ಮದರಾಸು ವಿಧಾನಸಭೆಯು ಭಾಷಾನೀತಿಯ ನಿರ್ಣಯವನ್ನು ಅಂಗೀಕರಿಸಿದಾಗ, ಎನ್.ಸಿ.ಸಿ.ಯಲ್ಲಿನ ಹಿಂದಿ ಆಜ್ಞೆಗಳನ್ನು ಬಿಡಬೇಕೆಂಬ ಮಾತೂ ಅದರಲ್ಲಿ ಸೇರಿತ್ತು. ಈ ವಿವಾದದಲ್ಲಿ ಯಾರ ಪಕ್ಷವನ್ನೂ ವಹಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಮೂರು ನಾಲ್ಕು ಅಕ್ಷರದ ಆಜ್ಞೆಯೊಂದು ವಿಧಾನಸಭೆಯವರೆಗೆ ಹೋಯಿತೆಂದರೆ, ಆಜ್ಞೆಯ ಭಾಷೆ ಕೇವಲ ಅನುಕೂಲದ ಪ್ರಶ್ನೆಯಲ್ಲ, ಮನುಷ್ಯನ ಮಾನದ ಪ್ರಶ್ನೆಯೂ ಹೌದೆಂಬುದು ಸ್ಪಷ್ಟವಾಗುತ್ತದೆ. ವೆಲ್ಲೂರಿನ ಸಿಪಾಯಿಗಳು ಇದನ್ನೇ ರಕ್ತದಲ್ಲಿ ಬರೆದಿದ್ದರು.

೭. ನನ್ನ ಸ್ವಂತ ತಪ್ಪು

ಪರರ ದೋಷಗಳನ್ನು ಇಷ್ಟು ಎಣಿಸಿದವನು ತನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ೨೦೦೪ರ ಜುಲೈ ೧೬ರಂದು ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು ೯೪ ಮಂದಿ ಎಳೆಯ ಮಕ್ಕಳು ಸತ್ತರು. ಆ ಸುದ್ದಿಯನ್ನು ನೆನೆದರೆ ಇಂದಿಗೂ ಉಪಾಧ್ಯಾಯನಾದವನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು ಮುಖ್ಯೋಪಾಧ್ಯಾಯನಾದ ಮೊದಲ ವರ್ಷದಲ್ಲಿ, ಬೆಂಕಿ ಬಿದ್ದರೆ ಮಕ್ಕಳು ಹೇಗೆ ಹೊರಬರಬೇಕೆಂಬ ಅಭ್ಯಾಸವನ್ನು ಮಾಡಿಸಬೇಕೆಂದು ನಿಶ್ಚಯಿಸಿ, ಕನ್ನಡ ವಿಭಾಗದ ಮಕ್ಕಳಿಗಾಗಿ ಪ್ರಕಟಣೆಯೊಂದನ್ನು ಸ್ವತಃ ಬರೆದು ಗೋಡೆಗೆ ಅಂಟಿಸಿದೆನು. ಆ ವಾಕ್ಯ ನನಗೆ ಇನ್ನೂ ನೆನಪಿದೆ: ‘ಅಗ್ನಿ ಅವಘಡದ ಸನ್ನಿವೇಶದಲ್ಲಿ ಘಂಟಾನಾದವು ಅವಿಚ್ಛಿನ್ನವಾಗಿ ಶ್ರುತವಾದೊಡನೆ ವಿದ್ಯಾರ್ಥಿಗಳು ಶಿಸ್ತುಬದ್ಧವಾಗಿ ನಿರ್ಗಮನವನ್ನು ಕೈಗೊಳ್ಳತಕ್ಕದ್ದು.’ ಬರೆದಾಗ ನನಗೆ ಸಂತೋಷವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಗಂಟೆ ಹೊಡೆಸಿದೆವು. ದೊಡ್ಡ ಮಕ್ಕಳು ಹೊರಗೆ ಬಂದರು. ಹೆಸರು ಕೂಗಿದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಇರಲಿಲ್ಲ. ಒಳಗೆ ಹೋಗಿ ನೋಡಿದರೆ ತನ್ನ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದಾಳೆ. ‘ಯಾಕಮ್ಮ ಹೊರಗೆ ಬರಲಿಲ್ಲ?’ ಎಂದೆ. ‘ಸಾರ್, ಚೀಟೀಲಿ ಶಿಸ್ತಾಗಿ ಇರ್ಬೇಕು ಅಂತ ಇತ್ತಲ್ಲ, ಅದಕ್ಕೇ ಕೂತ್ಕೊಂಡಿದ್ದೆ’ ಎಂದಳು. ನನ್ನ ಇಡೀ ವಾಕ್ಯದಲ್ಲಿ ಆ ಮಗುವಿಗೆ ತಿಳಿದದ್ದು ಒಂದೇ ಮಾತು. ಆ ಒಂದು ಮಾತನ್ನು ಅವಳು ಪ್ರಾಮಾಣಿಕವಾಗಿ ಪಾಲಿಸಿದ್ದಳು. ಅಂದು ಬೆಂಕಿ ಇರಲಿಲ್ಲ. ಇದ್ದಿದ್ದರೆ?

ಶಾಲೆಯ ಗಂಟೆ ಹೊಡೆಯುವ ಆಳು ಪಕ್ಕದಲ್ಲಿಯೇ ನಿಂತಿದ್ದನು. ‘ಸಾರ್, ಗಂಟೆ ನಿಲ್ದೆ ಹೊಡ್ದ್ರೆ ಎದ್ದು ಬೇವಿನ ಮರದ ತಾವ ಬಂದ್ಬಿಡಿ ಅಂತ ಬರೀರಿ’ ಎಂದನು. ಆ ಸಂಜೆಯೇ ಹಳೆಯ ಕಾಗದವನ್ನು ಕಿತ್ತು, ಅವನು ಹೇಳಿದಂತೆ ನಾಲ್ಕು ಸಾಲು ಬರೆದೆ. ‘ಗಂಟೆ ನಿಲ್ಲದೆ ಹೊಡೆದರೆ ಪುಸ್ತಕ ಬಿಟ್ಟು ಏಳಿ. ಸಾಲಾಗಿ ಹೊರಗೆ ಬನ್ನಿ. ಬೇವಿನ ಮರದ ಕೆಳಗೆ ನಿಲ್ಲಿ. ಹೆಸರು ಕೂಗುವವರೆಗೆ ಅಲ್ಲಿಂದ ಕದಲಬೇಡಿ.’ ಅದನ್ನೇ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಸಹೋದ್ಯೋಗಿಗಳಿಂದ ಬರೆಸಿದೆ. ಮುಂದಿನ ವಾರ ಮತ್ತೆ ಗಂಟೆ ಹೊಡೆಸಿದಾಗ ಆ ಹುಡುಗಿಯೇ ಎಲ್ಲರಿಗಿಂತ ಮುಂದೆ ಮರದ ಕೆಳಗೆ ನಿಂತಿದ್ದಳು.

ಗಡಿನಾಡಿನ ನಮ್ಮ ಮಕ್ಕಳ ಸ್ಥಿತಿ ಹಳೆಯ ಸೇನೆಗಳ ಸಿಪಾಯಿಯ ಸ್ಥಿತಿಗಿಂತ ಬಹಳ ಬೇರೆಯಲ್ಲ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. ಪುಸ್ತಕದ ಕನ್ನಡವೂ ಮನೆಯ ಕನ್ನಡವಾಗದೆ ನಾಲ್ಕನೆಯ ಪರಭಾಷೆಯಂತೆ ನಿಂತರೆ ಮಗು ಯಾವುದನ್ನು ತನ್ನದೆನ್ನಬೇಕು? ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ಹೇಳುವ ನಾವು, ತರಗತಿಯಲ್ಲಿ ಮಗುವಿಗೆ ತಿಳಿಯದ ಕನ್ನಡವನ್ನು ಬರೆದರೆ, ಉಳಿಸುವ ಕೈಯಿಂದಲೇ ತಳ್ಳಿದಂತಾಗುವುದಿಲ್ಲವೇ? ಪಾರಿಭಾಷಿಕ ಶಬ್ದಗಳು ಬೇಡವೆಂದು ನನ್ನ ವಾದವಲ್ಲ. ಗಣಿತಕ್ಕೆ, ವಿಜ್ಞಾನಕ್ಕೆ, ಸೇನೆಗೆ ಅವು ಬೇಕೇ ಬೇಕು. ಶಬ್ದವನ್ನು ಕೊಡುವ ಮೊದಲು ವಸ್ತುವನ್ನು ತೋರಿಸಬೇಕು. ಹೊಸದನ್ನು ಹೊಸದೆಂದು ಹೇಳಬೇಕು. ‘ಯಾವ ಫಿರಂಗಿ’ ಎಂಬುದನ್ನು ಬಿಡಬಾರದು. ಇಷ್ಟೇ ನನ್ನ ಬಿನ್ನಹ.

ಸೇನೆಯ ಹಿರಿಯರು ಹೇಳಿದ ಉಸ್ತಾದನ ಕೆಲಸವೇ ನಮ್ಮ ಕೆಲಸ. ಬುಕ್ಕಿನೊಳಗೆ ಬರೆದದ್ದು ಯಾರಿಗಾಗಿಯಾದರೂ ಇರಲಿ, ಅದನ್ನು ಕೈ ಹಿಡಿದು ಮಗುವಿಗೆ ತಲುಪಿಸುವುದು ನಮ್ಮ ಪಾಲಿಗೆ ಬಂದಿದೆ. ಆ ಬೇವಿನ ಮರದ ಕೆಳಗೆ ಹಾಜರಿ ಹಾಕುವಾಗ ಒಂದು ಹೆಸರೂ ತಪ್ಪದಿದ್ದರೆ ನಮ್ಮ ಬರಹ ಸಾರ್ಥಕವಾಯಿತೆಂದು ತಿಳಿಯೋಣ.